ಹೂಂ ಅನ್ನದ ಐದು ವಾರ

ಔಷಧಿ ಡಬ್ಬಿಯೊಳಗೆ ಹತ್ತು ಸಲ ಮಡಚಿ ತುರುಕಿರುವ ತೆಳ್ಳನೆಯ ಕಾಗದವನ್ನು ಯಾರೂ ಓದುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅದು ಸುಳ್ಳು. ಇಬ್ಬರು ಓದಿರುತ್ತಾರೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಹೂಂ ಅನ್ನುತ್ತಾರೆ.

ಆ ಕಾಗದ ಅಚ್ಚಾಗುವ ಈ ಪ್ರೆಸ್ಸಿನಲ್ಲಿ ಗಟ್ಟಿಯಾಗಿ ಓದುವವರು ಯಜಮಾನರು, ಅಂದರೆ ಮನೆಗೆ ಯಜಮಾನರು, ಪ್ರೆಸ್ಸಿಗಲ್ಲ. ಹೂಂ ಅನ್ನುವವಳು ಅವರ ಹೆಂಡತಿ. ಮದುವೆಗೆ ಮುಂಚೆಯೇ ಎದುರುಬದುರು ಕುರ್ಚಿಯಲ್ಲಿ ಕೂತಿದ್ದವರು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಕುರ್ಚಿ ಬದಲಾಗಿಲ್ಲ. ಯಜಮಾನರು ಕರಡಿನಲ್ಲಿ ತಪ್ಪು ಕಂಡರೆ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ ತಲೆ ಎತ್ತುತ್ತಾರೆ. ಎದುರಿನವಳು ಮೂಲಪ್ರತಿಯ ಮೇಲೆ ಬೆರಳಿಟ್ಟು ನೋಡಿ, ತಪ್ಪು ಹೌದಾದರೆ "ಹೂಂ" ಎಂದು ಹಸಿರು ಪೆನ್ನಿನಲ್ಲಿ ಟಿಕ್ ಹಾಕುತ್ತಾಳೆ. ಕೆಂಪು, ಹಸಿರು ಎರಡೂ ಇದ್ದರೆ ಮಾತ್ರ ಅದು ತಪ್ಪು. ಬರೀ ಕೆಂಪನ್ನು ಕೆಳಗಿನ ಮಹಡಿಯಲ್ಲಿ ಪುಟ ಕಟ್ಟುವ ಕಂಪ್ಯೂಟರಿನವರು ಕಣ್ಣೆತ್ತಿಯೂ ನೋಡುವುದಿಲ್ಲ. ಒಬ್ಬರ ಅನುಮಾನಕ್ಕೆಲ್ಲ ಪುಟ ಬದಲಿಸುತ್ತಾ ಕೂತರೆ ಪ್ರೆಸ್ಸು ನಡೆದ ಹಾಗೇ ಅನ್ನುತ್ತಾರೆ. ದಿನಕ್ಕೆ ಐವತ್ತು ಹೂಂನಂತೆ ಹೇಳಿ ಹೇಳಿ ಆಕೆಗೆ ಹೂಂ ಅಕ್ಕ ಎಂದೇ ಹೆಸರು ಬಿದ್ದಿತ್ತು. ಸ್ವಂತ ಹೆಸರು ಸಂಬಳದ ದಿನ ಮಾತ್ರ ಹೊರಬರುತ್ತಿತ್ತು.

ಮನೆಯಲ್ಲೂ ಅದೇ ಪದ್ಧತಿ. ಹಾಲು ನೀರಾಗಿದೆ, ಮೇಲಿನ ಮನೆಯವರು ಕುರ್ಚಿ ಎಳೆದಾಡುತ್ತಾರೆ, ಬಸ್ಸಿನವನು ಬೇಕೆಂದೇ ಮುಂದೆ ಹೋಗಿ ನಿಲ್ಲಿಸಿದ. ಯಜಮಾನರು ಹೇಳಿ ತಲೆ ಎತ್ತಿದರೆ ಅಕ್ಕ ಹೂಂ ಅನ್ನುತ್ತಿದ್ದಳು. ಹೂಂ ಬಿದ್ದ ಮೇಲೆಯೇ ಅವರಿಗೆ ಸಿಟ್ಟು ನಿಜವಾಗಿ ಏರುತ್ತಿತ್ತು. ಒಳ್ಳೆಯ ಸಂಸಾರ ಎಂದು ಎಲ್ಲರೂ ಹೇಳುತ್ತಿದ್ದರು.

ಯಜಮಾನರ ಜೀವಮಾನದ ಅತಿ ದೊಡ್ಡ ಕೆಂಪು ಸುತ್ತು ಬಿದ್ದಿದ್ದು ಷಡ್ಡಕನ ಮೇಲೆ. ಷಡ್ಡಕ ಅಂದರೆ ಅಕ್ಕನ ತಂಗಿಯ ಗಂಡ. ನಾಲ್ಕು ಗಂಟೆ ಪ್ರಯಾಣದ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿದ್ದ. ಅವನ ಕಾರಿನಲ್ಲಿ ಕಲಿಸುವವನ ಕಾಲಡಿಗೂ ಒಂದು ಬ್ರೇಕು. ಅದನ್ನು ಒತ್ತಿ ಒತ್ತಿ ಅವನ ಬಲಗಾಲು ಸೋಫಾದಲ್ಲಿ ಕೂತಾಗಲೂ ನೆಲ ಒತ್ತುತ್ತಿತ್ತು. ಹದಿನೇಳು ವರ್ಷದ ಹಿಂದೆ ಯಜಮಾನರು ರಜೆ ಹಾಕಿ ಅವನ ಹತ್ತಿರ ಕಾರು ಕಲಿಯಲು ಹೋಗಿದ್ದರು. ಹನ್ನೊಂದನೆಯ ದಿನ ಷಡ್ಡಕ ಕಾರು ಪಕ್ಕಕ್ಕೆ ನಿಲ್ಲಿಸಿ, "ಷಡ್ಡಕ್ರೇ, ನಿಮಗೆ ಬಸ್ಸೇ ಸರಿ" ಅಂದ. ಅಂದಿನಿಂದ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಸರಿಯಾಗಿ ಹೇಳಬೇಕೆಂದರೆ ಎಣ್ಣೆ ಒಂದೇ ಕಡೆ ಇತ್ತು. ಷಡ್ಡಕ ಮಾತ್ರ ಸಿಕ್ಕಾಗಲೆಲ್ಲ ಹಲ್ಲು ಕಿರಿದು, "ಬಸ್ಸು ಚೆನ್ನಾಗಿ ಬಂತಾ?" ಎಂದು ಕೇಳುತ್ತಿದ್ದ.

ಯಜಮಾನರ ಎರಡೂ ಕಿಡ್ನಿ ಕೈಕೊಟ್ಟಾಗ ಅಕ್ಕ ತನ್ನದನ್ನು ಕೊಡಲು ಹೋದಳು. ಹೊಂದಲಿಲ್ಲ. ಅವಳ ತಂಗಿಯ ಕಿಡ್ನಿಯಲ್ಲಿ ಕಲ್ಲು ಸಿಕ್ಕಿತು. ಯಜಮಾನರ ತಮ್ಮ ವಿಚಾರ ಮಾಡಿ ಹೇಳುತ್ತೇನೆ ಎಂದು ಹೋದವನು ಇನ್ನೂ ವಿಚಾರ ಮಾಡುತ್ತಿದ್ದಾನೆ. ಹೆಂಡತಿಯನ್ನು ಪರೀಕ್ಷೆಗೆ ಕರೆತಂದಿದ್ದ ಷಡ್ಡಕ ಹೊರಗೆ ಕೂತು ಬೇಜಾರಾಗಿ, ಸುಮ್ಮನೆ ಇರಲಿ ಎಂದು ತನ್ನದನ್ನೂ ನೋಡಿಸಿದ. ಅವನದು ಹೊಂದಿತು.

"ಬೇಡ," ಅಂದರು ಯಜಮಾನರು.

ದಾನ ಕೊಡುವವರನ್ನು ವಿಚಾರಿಸುವ ಸಮಿತಿಯವರು ಷಡ್ಡಕನನ್ನು ಒಳಗೆ ಕರೆದು ಯಾಕೆ ಕೊಡುತ್ತೀರಿ ಎಂದು ಕೇಳಿದರು. "ಎರಡಿದೆ," ಅಂದ. ಯಾರಾದರೂ ಒತ್ತಾಯ ಮಾಡಿದರಾ ಎಂದು ಕೇಳಿದರು. "ತಗೊಳ್ಳೋರು ಬೇಡ ಅಂತಿದಾರೆ. ಅದಕ್ಕಿಂತ ಒತ್ತಾಯ ಬೇಕಾ?" ಅಂದ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಹಿ ಹಾಕಿದರು. ಯಜಮಾನರ ಸಹಿಯನ್ನು ಅಕ್ಕ ಪಕ್ಕದಲ್ಲಿ ಕೂತು ಹಾಕಿಸಿದಳು.

ಆಪರೇಷನ್ ಸಲೀಸಾಗಿ ಮುಗಿಯಿತು. ನಾಲ್ಕನೆಯ ದಿನ ಕಿಡ್ನಿ ಡಾಕ್ಟರು ಯಜಮಾನರ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ತಲೆ ಪೂರ್ತಿ ನೆರೆತ ಹೆಂಗಸು, ಅವಸರವಿಲ್ಲದ ಮಾತು. ಪಕ್ಕದ ಮಂಚದಲ್ಲಿ ಷಡ್ಡಕ ಹೊಟ್ಟೆ ಹಿಡಿದುಕೊಂಡು ಸಣ್ಣಗೆ ಸಿಳ್ಳೆ ಹಾಕುತ್ತಿದ್ದ.

"ನಿಮ್ಮ ರಕ್ತದಲ್ಲಿ ಟಿ-ಕಣಗಳು ಅಂತ ಇರ್ತವೆ, ಕಾವಲಿಗೆ," ಎಂದರು ಡಾಕ್ಟರು. "ಹೊಸ ಕಿಡ್ನಿ ಕಂಡ ಕೂಡಲೇ ಇದು ನಮ್ಮದಲ್ಲ ಅಂತ ಅವಕ್ಕೆ ಗೊತ್ತಾಗುತ್ತೆ. ಆದ್ರೆ ಗೊತ್ತಾದ್ರೆ ಸಾಲದು. ಅದನ್ನ ಹಿಡಿದು ತೋರಿಸೋ ಕಣ ಇನ್ನೊಂದು ಸನ್ನೆ ಕೊಡಬೇಕು. ಹೌದು, ಅಪಾಯ, ನುಗ್ಗು ಅಂತ. ಆ ಎರಡನೇ ಸನ್ನೆ ಬಂದ್ರೇನೇ ದಾಳಿ."

"ಬರ್ಲಿಲ್ಲ ಅಂದ್ರೆ?" ಎಂದು ಕೇಳಿದಳು ಅಕ್ಕ.

"ಸುಮ್ಮನಾಗುತ್ತೆ. ಬರೀ ಸುಮ್ಮನಾಗಲ್ಲ, ಮಂಕಾಗುತ್ತೆ. ಆಮೇಲೆ ಅದನ್ನೇ ತಂದು ಎದುರಿಗಿಟ್ರೂ ಏಳಲ್ಲ. ನಾವು ಡ್ರಿಪ್ಪಲ್ಲಿ ಕೊಡೋ ಔಷಧಿ ಮಾಡೋ ಕೆಲಸ ಇಷ್ಟೇ. ಎರಡನೇ ಸನ್ನೆ ತಲುಪದ ಹಾಗೆ ಮಧ್ಯ ಕೈ ಅಡ್ಡ ಇಡುತ್ತೆ."

"ನಮ್ಮ ಪ್ರೆಸ್ಸಲ್ಲೂ ಹಿಂಗೇ ಮೇಡಂ," ಎಂದು ಅಕ್ಕ ಕೆಂಪು ಪೆನ್ಸಿಲು, ಹಸಿರು ಟಿಕ್ಕು, ಹೂಂ ಎಲ್ಲ ವಿವರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. "ಇಷ್ಟು ವರ್ಷ ನಾನು ಬೀಗ, ಬೀಗದ ಕೈ ಅಂತ ಒದ್ದಾಡ್ತಾ ಇದ್ದೆ. ಇದೇ ವಾಸಿ," ಎಂದರು. ಅಂದಿನಿಂದ ಆ ವಾರ್ಡಿನ ರೋಗಿಗಳಿಗೆಲ್ಲ ಹೂಂ ಕಥೆಯೇ ಹೇಳುತ್ತಿದ್ದರಂತೆ.

ಡಾಕ್ಟರು ಎರಡು ಎಚ್ಚರಿಕೆ ಕೊಟ್ಟರು. ಹಳೆಯ ದ್ವೇಷ ನೆನಪಿಟ್ಟುಕೊಂಡಿರುವ ಕಣಗಳೂ ಇರುತ್ತವೆ, ಅವು ಯಾರ ಹೂಂಗೂ ಕಾಯುವುದಿಲ್ಲ. ಅದಕ್ಕೇ ಡ್ರಿಪ್ಪಿನ ಜೊತೆಗೆ ಮಾತ್ರೆಗಳೂ ಬೇಕು, ಒಂದು ಹೊತ್ತೂ ತಪ್ಪುವಂತಿಲ್ಲ ಎಂದರು. ಅಕ್ಕ ಗಂಡನ ಮುಖ ನೋಡಿದಳು. ಆಮೇಲೆ ಡಾಕ್ಟರು ದನಿ ಸ್ವಲ್ಪ ಗಟ್ಟಿ ಮಾಡಿದರು.

"ಕಾವಲಿನವರು ಒಬ್ಬರೇ. ಕಿಡ್ನಿ ಮೇಲೆ ಏಳಬೇಡಿ ಅಂದ್ರೆ ಕ್ರಿಮಿ ಮೇಲೂ ಬೇಗ ಏಳಲ್ಲ. ಜ್ವರ ಕೂಡ ನೆಟ್ಟಗೆ ಬರಲ್ಲ. ಯೂರಿನ್ ಕಡಿಮೆ ಆದ್ರೆ, ಹೊಟ್ಟೆ ಕೆಳಗೆ ಭಾರ ಅನ್ನಿಸಿದ್ರೆ ಅವತ್ತೇ ಬನ್ನಿ. ಮಾರನೇ ದಿನ ಅಲ್ಲ. ಇದು ಹೋದ್ರೆ ಇನ್ನೊಂದು ಎಲ್ಲಿಂದ ತರ್ತೀರಿ?"

"ನನ್ನ ಹತ್ರ ಒಂದೇ ಉಳಿದಿರೋದು," ಅಂದ ಪಕ್ಕದ ಮಂಚದಿಂದ ಷಡ್ಡಕ.

ಆರು ವಾರ ಅವನಿಗೂ ತಪಾಸಣೆ ಇತ್ತು. ಅಷ್ಟು ದೂರ ಓಡಾಡುವುದೇಕೆ ಎಂದು ಅಕ್ಕ ಅವನನ್ನು ಮನೆಯಲ್ಲೇ ಇಟ್ಟುಕೊಂಡಳು. ತಂಗಿ ಸ್ಕೂಲು ನೋಡಿಕೊಳ್ಳಲು ಊರಿಗೆ ಹೋದಳು. ಕಿಟಕಿ ಇದ್ದ ಮುಂದಿನ ಕೋಣೆಯಲ್ಲಿ ಎರಡು ಮಂಚ ಹಾಕಿದ್ದಾಯಿತು. ಬೀದಿಯಲ್ಲಿ ಷಡ್ಡಕನ ಕಾರು, ಮೇಲೆ ಎಲ್ ಬೋರ್ಡು ಹೊತ್ತು, ಧೂಳು ತಿನ್ನುತ್ತಾ ನಿಂತಿತು.

ಮೊದಲ ದಿನವೇ ಶುರು. ಷಡ್ಡಕ ಒಳಗೆ ಸ್ನಾನಕ್ಕೆ ಹೋದದ್ದೇ ತಡ, ಯಜಮಾನರು ತಲೆ ಎತ್ತಿ ಹೇಳಿದರು. "ಅವನು ಸಿಳ್ಳೆ ಹಾಕ್ತಾನೆ. ಯಾವ ಹಾಡೂ ಅಲ್ಲ ಅದು. ಪೇಪರ್ ಓದಿದ ಮೇಲೆ ಒಳಗಿನ ಹಾಳೆ ಹೊರಗೆ ಮಡಚ್ತಾನೆ. ನೀರು ಕುಡಿಯೋದು ಬೀದಿಗೆಲ್ಲ ಕೇಳುತ್ತೆ." ಹೇಳಿ ಹೂಂಗೆ ಕಾದರು.

ಅಕ್ಕ ಬೀನ್ಸಿನ ನಾರು ತೆಗೆಯುತ್ತಿದ್ದಳು. ನಾಲಿಗೆ ತುದಿಗೆ ಬಂದ ಹೂಂ ಅನ್ನು ಹಾಗೇ ನುಂಗಿದಳು. ತನ್ನ ಮೈಯ ತುಂಡು ಕೊಯ್ದು ಕೊಟ್ಟ ಮನುಷ್ಯನ ಬಗ್ಗೆ, ಅದನ್ನು ಒಳಗಿಟ್ಟುಕೊಂಡು ಮಲಗಿರುವ ಮನುಷ್ಯ ಹೀಗೆ ಮಾತಾಡುವುದು ಕೇಳಿ ಅವಳಿಗೆ ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋಗುವ ಹಾಗಾಗಿತ್ತು. ಬಾತ್‌ರೂಮಿನ ಬಾಗಿಲು ಎಂಥದ್ದು ಎಂದು ಅವಳಿಗೆ ಗೊತ್ತು. ಒಳಗೆ ಎಲ್ಲ ಕೇಳುತ್ತದೆ.

ಆಗ ಅವಳಿಗೆ ಡಾಕ್ಟರ ಮಾತು ನೆನಪಾಯಿತು. ಅದರ ಬೆನ್ನಿಗೆ ಪ್ರೆಸ್ಸಿನ ಹಳೆಯ ಸಂಗತಿಯೊಂದೂ ನೆನಪಾಯಿತು. ಹಿಂದೆ ಅಲ್ಲಿ ಇನ್ನೊಬ್ಬ ಕರಡು ಓದುವವನಿದ್ದ, ಭಾರೀ ಚುರುಕು. ಅವನೆದುರು ಕೂತ ಹುಡುಗಿಗೆ ಅದೇ ಆಗ ಮದುವೆ ಗೊತ್ತಾಗಿ ಹೂಂ ಅನ್ನುವ ಮನಸ್ಸೇ ಇರಲಿಲ್ಲ. ಅವನು ಸುತ್ತು ಹಾಕಿ ತಲೆ ಎತ್ತುವನು, ಅವಳು ಕಿಟಕಿ ನೋಡುವಳು. ಮೂರು ತಿಂಗಳಲ್ಲಿ ಅವನು ಕೆಂಪು ಪೆನ್ಸಿಲ್ ಕೆಳಗಿಟ್ಟ. ಓದುತ್ತಿದ್ದ, ಗುರುತು ಹಾಕುತ್ತಿರಲಿಲ್ಲ. ಆ ಕಥೆ ಇನ್ನೂ ಮುಂದಿದೆ, ಆದರೆ ಅಕ್ಕನಿಗೆ ಆಗ ನೆನಪಾದದ್ದು ಇಷ್ಟೇ.

ಸರಿ, ಔಷಧಿ ಶುರುವಾಯಿತು. ಯಜಮಾನರು ಏನು ಹೇಳಿದರೂ ಅಕ್ಕ ತುಟಿ ಪಿಟಕ್ಕೆನ್ನಲಿಲ್ಲ. ಬೀನ್ಸು ಮುಗಿದರೆ ಬಟ್ಟೆ ಮಡಚುವಳು, ಬಟ್ಟೆ ಮುಗಿದರೆ ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುವಳು. ಒಂದು ನೋಟ್‌ಬುಕ್ಕಿನಲ್ಲಿ ಹಸಿರು ಪೆನ್ನಿನಿಂದ ದಿನದ ದೂರುಗಳ ಸಂಖ್ಯೆ ಬರೆದಿಡುತ್ತಿದ್ದಳು. ಮೊದಲ ವಾರ ದಿನಕ್ಕೆ ಹದಿನಾಲ್ಕು. ಎರಡನೆಯ ವಾರ ಹದಿನೇಳಕ್ಕೆ ಏರಿತು, ಅವಳಿಗೆ ಗಾಬರಿಯಾಯಿತು, ಹಳೆಯ ದ್ವೇಷದ ಕಣಗಳು ಇವೇ ಇರಬೇಕು ಅಂದುಕೊಂಡಳು. ಮೂರನೆಯ ವಾರ ಒಂಬತ್ತು. ನಾಲ್ಕನೆಯ ವಾರದಲ್ಲಿ ಯಜಮಾನರು, "ಅವನು..." ಎಂದು ಶುರುಮಾಡಿ, ಹೆಂಡತಿಯ ಮುಖ ನೋಡಿ, "ಹೋಗ್ಲಿ ಬಿಡು" ಎನ್ನತೊಡಗಿದರು. ಅದನ್ನು ಅರ್ಧ ಎಂದು ಬರೆದುಕೊಂಡಳು.

ಅವಳಿಗೆ ಒಳಗೊಳಗೇ ಹೆಮ್ಮೆ. ಡ್ರಿಪ್ಪು ಹಾಕುವವರು ಆಸ್ಪತ್ರೆಯಲ್ಲಿ ಹಾಕಲಿ, ಮನೆಯ ಚಿಕಿತ್ಸೆ ತನ್ನದು. ಐದನೆಯ ವಾರದ ಸೋಮವಾರ ರಕ್ತಪರೀಕ್ಷೆಯೂ ಚೆನ್ನಾಗಿ ಬಂತು. ದೇಹಕ್ಕೂ ಮನೆಗೂ ಒಟ್ಟಿಗೇ ಸಹನೆ ಬಂದುಬಿಟ್ಟಿದೆ ಎಂದು ಅವಳು ತೀರ್ಮಾನಿಸಿದಳು.

ಬುಧವಾರ ಬೆಳಿಗ್ಗೆ ಯಜಮಾನರು ಮಂಚದ ಅಂಚಿನಲ್ಲಿ ಕೂತು, "ಇಲ್ಲೇನೋ ಸರಿ ಇಲ್ಲ," ಅಂದರು. ಕೈ ಹೊಟ್ಟೆಯ ಬಲಗಡೆ ಕೆಳಗೆ, ಹೊಸ ಕಿಡ್ನಿ ಇಟ್ಟ ಜಾಗದಲ್ಲಿತ್ತು. ಹೇಳಿ ತಲೆ ಎತ್ತಿದರು.

ಅಕ್ಕ ದಿಂಬಿಗೆ ಕವರು ಹಾಕುತ್ತಿದ್ದಳು. ಸರಿ ಇಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಬಾಯಿ ತಾನಾಗಿ ಮುಚ್ಚಿಕೊಂಡಿತು. ಐದು ವಾರದ ಅಭ್ಯಾಸ. ಕೈ ಎಲ್ಲಿದೆ ಎಂದು ನೋಡಲೇ ಇಲ್ಲ. ಥರ್ಮಾಮೀಟರ್ ಇಟ್ಟಳು, ಅದನ್ನಂತೂ ದಿನವೂ ಇಡುತ್ತಿದ್ದಳು. ಜ್ವರ ಇರಲಿಲ್ಲ.

ಯಜಮಾನರು ಸ್ವಲ್ಪ ಹೊತ್ತು ಕಾದರು. ಆಮೇಲೆ, "ಹೋಗ್ಲಿ ಬಿಡು," ಅಂದು ಮಲಗಿದರು.

ಗುರುವಾರ ಅವರು ಏನೂ ಹೇಳಲಿಲ್ಲ. ಶುಕ್ರವಾರ ಮಧ್ಯಾಹ್ನದವರೆಗೂ ಏನೂ ಹೇಳಲಿಲ್ಲ. ಅಕ್ಕ ನೋಟ್‌ಬುಕ್ಕಿನಲ್ಲಿ ಗುರುವಾರದ ಎದುರು ದುಂಡಗೆ ಸೊನ್ನೆ ಬರೆದಳು. ಪಕ್ಕದಲ್ಲಿ ಒಂದು ಹೂವನ್ನೂ ಬಿಡಿಸಿದಳು. ಐವತ್ತೊಂದು ವರ್ಷದ ಹೆಂಗಸು ಹೂವು ಬಿಡಿಸಿದಳು ಎಂದರೆ ಅವಳ ಖುಷಿ ಎಷ್ಟಿರಬೇಕು ನೀವೇ ಲೆಕ್ಕ ಹಾಕಿ.

ಶುಕ್ರವಾರ ಎರಡು ಗಂಟೆಗೆ ಷಡ್ಡಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಸಿಳ್ಳೆ ಇರಲಿಲ್ಲ.

"ಅಕ್ಕಾ, ಷಡ್ಡಕ್ರು ಎರಡು ದಿನದಿಂದ ನನ್ನ ಬೈದಿಲ್ಲ."

"ಒಳ್ಳೇದಲ್ವಾ?" ಎಂದಳು ಅಕ್ಕ. ಗುಟ್ಟು ಹೇಳಿಬಿಡಬೇಕೆಂದು ಬಾಯಿ ತುರಿಸಿತು.

"ಒಳ್ಳೇದಲ್ಲ. ನಾನು ಬೇಕೂಂತ್ಲೇ ಪೇಪರ್ ಉಲ್ಟಾ ಮಡಚಿಟ್ಟೆ, ನೋಡಿದ್ರು, ಸುಮ್ಮನಾದ್ರು. ನೀರು ಕುಡಿಯೋವಾಗ ಡಬಲ್ ಸೌಂಡ್ ಮಾಡ್ದೆ. ಏನೂ ಇಲ್ಲ. ಕಲಿಯೋನು ಮಾತಾಡ್ತಾ ಮಾತಾಡ್ತಾ ದಿಢೀರಂತ ಸುಮ್ಮನಾದ್ರೆ ನಾನು ಬ್ರೇಕ್ ಒತ್ತೋದೇ ಅಕ್ಕಾ. ಅವನಿಗೆ ಎದುರುಗಡೆ ಏನೋ ಕಂಡಿರುತ್ತೆ, ಹೇಳಕ್ಕೆ ಆಗ್ತಿರಲ್ಲ."

ಅವನು ತಿರುಗಿ ಕೋಣೆಗೆ ಹೋದ. ಅಕ್ಕ ಕೈ ಒರೆಸಿಕೊಂಡು ಹಿಂದೆಯೇ ಹೋದಳು. ಷಡ್ಡಕ ಯಜಮಾನರ ಮಂಚದ ಮೇಲೆ, ಅವರ ಕಾಲ ಹತ್ತಿರ, ಕೇಳದೆ ಕೂತ. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ರಂಪವಾಗುತ್ತಿತ್ತು.

"ಷಡ್ಡಕ್ರೇ, ಏನಾಗ್ತಿದೆ?"

ಯಜಮಾನರು ಗೋಡೆ ನೋಡಿದರು. ಗೋಡೆಗೆ ಹೇಳುವ ಹಾಗೆ, "ಇಲ್ಲೇನೋ ಸರಿ ಇಲ್ಲ," ಎಂದರು.

"ಹೂಂ," ಅಂದ ಷಡ್ಡಕ.

ಯಜಮಾನರು ತಿರುಗಿ ಅವನ ಮುಖ ನೋಡಿದರು. "ಭಾರ ಅನ್ಸುತ್ತೆ. ಬುಧವಾರದಿಂದ."

"ಹೂಂ."

"ಕೆಳಗಡೆ ಎಳೆಯುತ್ತೆ. ಉರಿ. ಯೂರಿನ್ ಕಮ್ಮಿಯಾಗಿದೆ. ಚಾರ್ಟಲ್ಲಿ ಗುರುತು ಹಾಕಿದೀನಿ."

"ಹೂಂ. ಏಳಿ," ಅಂದ ಷಡ್ಡಕ.

ಚಾರ್ಟು ಬಾತ್‌ರೂಮಿನ ಬಾಗಿಲಿಗೆ ಅಂಟಿಸಿತ್ತು. ದಿನಕ್ಕೆ ಎಷ್ಟು ಮೂತ್ರ ಹೋಯಿತೆಂದು ಅಳತೆಯ ಜಗ್ಗಿನಲ್ಲಿ ನೋಡಿ ಯಜಮಾನರೇ ಬರೆಯುತ್ತಿದ್ದರು. ಅಕ್ಕ ಓಡಿಹೋಗಿ ನೋಡಿದಳು. ಮಂಗಳವಾರ ಎರಡು ಸಾವಿರ ಎಂ.ಎಲ್. ಬುಧವಾರ ಸಾವಿರದ ನಾನೂರು, ಸುತ್ತ ಕೆಂಪು ಪೆನ್ಸಿಲಿನ ಸುತ್ತು. ಗುರುವಾರ ಒಂಬೈನೂರು, ಇನ್ನೂ ದಪ್ಪ ಸುತ್ತು. ಶುಕ್ರವಾರದ ಜಾಗ ಖಾಲಿ. ಎರಡು ಕೆಂಪು ಸುತ್ತಿನ ಪಕ್ಕದಲ್ಲೂ, ಹಸಿರು ಟಿಕ್ಕಿಗೆಂದು, ಅಚ್ಚುಕಟ್ಟಾಗಿ ಬೆರಳಗಲ ಜಾಗ ಬಿಟ್ಟಿದ್ದರು. ಮದುವೆಗೆ ಮುಂಚಿನಿಂದಲೂ ಬಿಡುತ್ತಿದ್ದ ಜಾಗ.

ಆ ಬಾಗಿಲನ್ನು ಅವಳು ಈ ಮೂರು ದಿನದಲ್ಲಿ ನೂರು ಸಲ ತೆಗೆದಿದ್ದಳು. ಕೆಂಪು ಕಂಡರೆ ನೋಡಬಾರದು ಎಂದು ಕಣ್ಣಿಗೂ ಕಲಿಸಿಬಿಟ್ಟಿದ್ದಳು.

ಚಾರ್ಟನ್ನೂ ನೋಟ್‌ಬುಕ್ಕನ್ನೂ ಬ್ಯಾಗಿಗೆ ತುರುಕಿದಳು.

ಷಡ್ಡಕನೇ ಕಾರು ತೆಗೆದ. ಸ್ಟೀರಿಂಗ್ ಹಿಡಿಯಬಹುದು ಎಂದು ಡಾಕ್ಟರು ಸೋಮವಾರವಷ್ಟೇ ಅಪ್ಪಣೆ ಕೊಟ್ಟಿದ್ದರು. ಯಜಮಾನರನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿದ್ದರಿಂದ ಅಕ್ಕ ಮುಂದೆ, ಕಲಿಸುವವರ ಜಾಗದಲ್ಲಿ ಕೂತಳು. ಗಾಬರಿಯಲ್ಲಿ ಅವಳ ಕಾಲು ಅಲ್ಲಿದ್ದ ಬ್ರೇಕನ್ನು ಮೂರು ಸಲ ಒತ್ತಿತು. ಮೂರು ಸಲವೂ ಕಾರು ನಡುಬೀದಿಯಲ್ಲಿ ಗಕ್ಕನೆ ನಿಂತಿತು. ಹಿಂದಿದ್ದವರು ಎಲ್ ಬೋರ್ಡು ನೋಡಿ ಕ್ಷಮಿಸಿದರು.

"ಅಕ್ಕಾ, ಕಾಲು ಮಡಚಿಕೊಂಡು ಕೂತ್ಕೊಳ್ಳಿ," ಅಂದ ಷಡ್ಡಕ. ಸಿಟ್ಟಿನಿಂದ ಹೇಳಲಿಲ್ಲ.

ಕಾಲು ಮಡಚಿ ಕೂತ ಅಕ್ಕನಿಗೆ ಆ ಹಳೆಯ ಕಥೆಯ ಉಳಿದರ್ಧ ಆಗ ನೆನಪಾಯಿತು. ಪೆನ್ಸಿಲ್ ಕೆಳಗಿಟ್ಟ ಆ ಮನುಷ್ಯನ ಕೈಯಿಂದ ಒಂದು ದಿನ ಮಕ್ಕಳ ಔಷಧಿಯ ಕಾಗದ ದಾಟಿ ಹೋಗಿತ್ತು. ಎರಡು ಹನಿ ಎಂದಿರಬೇಕಾದಲ್ಲಿ ಹನ್ನೆರಡು ಹನಿ ಎಂದಿತ್ತು. ಡಬ್ಬಿಗೆ ತುಂಬುವವಳು ಮಗುವಿನ ತಾಯಿಯಾಗಿದ್ದರಿಂದ ಓದಿ ನಿಲ್ಲಿಸಿದಳು. ವಿಚಾರಣೆಯಲ್ಲಿ ಆ ಮನುಷ್ಯ, "ಕಂಡಿತ್ತು ಸರ್. ಹೇಳಿ ಏನುಪಯೋಗ ಅನ್ನಿಸ್ತು," ಎಂದಿದ್ದ. ಆಗ ಅವನನ್ನು ಎಲ್ಲರಿಗಿಂತ ಹೆಚ್ಚು ಬೈದವಳು ಹೂಂ ಅಕ್ಕನೇ.

ಮೂತ್ರದ ಸೋಂಕು ಮೇಲೇರಿ ಹೊಸ ಕಿಡ್ನಿಗೆ ತಗುಲಿತ್ತು. ಎರಡು ತಾಸಿನಲ್ಲಿ ಯಜಮಾನರ ಕೈಗೆ ಸೂಜಿ, ಸೂಜಿಗೆ ಬಾಟಲಿ, ಎಲ್ಲ ಆಯಿತು. ಡಾಕ್ಟರು ಕಾಗದಗಳನ್ನು ನೋಡಿ, ಇನ್ನೊಂದು ದಿನ ಕಳೆದಿದ್ದರೆ ಈ ಕಿಡ್ನಿ ಉಳಿಸುವ ಮಾತು ಕಷ್ಟವಿತ್ತು ಎಂದರು. ಈಗಲೂ ಮೂರು ದಿನ ನೋಡಬೇಕು ಎಂದರು.

"ಅವತ್ತೇ ಬನ್ನಿ ಅಂದಿದ್ದೆ. ಯಾಕೆ ಹೇಳಲಿಲ್ಲ ನೀವು?" ಎಂದು ಯಜಮಾನರನ್ನು ಕೇಳಿದರು.

"ಹೇಳಿದ್ದೆ. ಹೂಂ ಬರಲಿಲ್ಲ," ಎಂದರು ಯಜಮಾನರು. ಅವರ ದನಿಯಲ್ಲಿ ದೂರೂ ಇರಲಿಲ್ಲ. ಅದನ್ನೇ ಅಕ್ಕನಿಗೆ ತಡೆಯಲಾಗಲಿಲ್ಲ. ಅವಳು ಕಾರಿಡಾರಿಗೆ ಹೋಗಿ, ಕೈ ತೊಳೆಯುವ ಬೇಸಿನ್ನಿನ ಪಕ್ಕ ನಿಂತು ಅತ್ತಳು. ಬಿಕ್ಕಿ ಬಿಕ್ಕಿ, ಮೂಗು ಸೋರುವ ಹಾಗೆ ಅತ್ತಳು.

ಡಾಕ್ಟರು ಹೊರಬಂದಾಗ ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಅವರ ಕೈಯಲ್ಲಿಟ್ಟಳು. "ನಾನೇ ನಿಲ್ಲಿಸಿದ್ದು ಮೇಡಂ. ಐದು ವಾರದಿಂದ."

ಡಾಕ್ಟರು ಹದಿನಾಲ್ಕು, ಹದಿನೇಳು, ಒಂಬತ್ತು, ಅರ್ಧ ಎಲ್ಲ ಓದಿದರು. ಸೊನ್ನೆಯ ಪಕ್ಕದ ಹೂವಿನ ಮೇಲೆ ಅವರ ಬೆರಳು ನಿಂತಿತು. "ಆ ಔಷಧಿ ನಾವೇ ಕೊಡ್ತಾ ಇದ್ವಲ್ಲಮ್ಮ," ಎಂದರು. "ಮನೇಲೂ ಯಾಕೆ ಡೋಸ್ ಹಾಕಿದ್ರಿ? ನಮ್ಮ ಔಷಧಿ ಒಳಗಿರೋ ಕಾವಲಿನವರ ಬಾಯಿ ಕಟ್ಟಿರುತ್ತೆ. ಅದಕ್ಕೇ ಹೊರಗಡೆ ಇರೋ ನೀವು ಎರಡು ಪಾಲು ಕಿವಿ ತೆರೆದಿಟ್ಕೋಬೇಕು." ನೋಟ್‌ಬುಕ್ ವಾಪಸು ಕೊಟ್ಟು ಮುಂದಿನ ರೋಗಿಯ ಹತ್ತಿರ ಹೋದರು. ಹೂಂ ಕಥೆಗೆ ಅವರು ಅಂದಿನಿಂದ ಒಂದು ಬಾಲ ಸೇರಿಸಿಕೊಂಡರೆಂದು ಕೇಳಿದ್ದೇನೆ.

ಮೂರು ದಿನ ಅಕ್ಕನಿಗೆ ಅನ್ನ ನೀರು ಸೇರಲಿಲ್ಲ. ಯಜಮಾನರು ಮಲಗಿಯೇ ಇದ್ದರು, ಕೇಳಿದ್ದಕ್ಕೆ ಮಾತ್ರ ಉತ್ತರ. ಅವಳು ಜಗ್ಗು ಹಿಡಿದು ತಾನೇ ಅಳೆದಳು, ಬರೆದಳು. ಒಂಬೈನೂರು ಇದ್ದದ್ದು ಸಾವಿರದ ಇನ್ನೂರಾಯಿತು, ಸಾವಿರದ ಏಳುನೂರಾಯಿತು. ಆ ಅಂಕಿಗಳ ಪಕ್ಕ ಟಿಕ್ ಹಾಕಲು ಅವಳಿಗೆ ಧೈರ್ಯ ಬರಲಿಲ್ಲ. ಷಡ್ಡಕ ದಿನವೂ ಹತ್ತು ಗಂಟೆಗೆ ಬಂದು ಆ ಕಡೆಯ ಕುರ್ಚಿಯಲ್ಲಿ ಕೂತು, ನೆಲ ಒತ್ತುತ್ತಾ, ಮಾತಿಲ್ಲದೆ ಪೇಪರ್ ಓದಿ ಹೋಗುತ್ತಿದ್ದ. ಪೇಪರನ್ನು ಸರಿಯಾಗಿ ಮಡಚಿಡುತ್ತಿದ್ದ. ಅದನ್ನು ನೋಡಿದರೆ ಅವಳಿಗೆ ಇನ್ನೂ ಹೆದರಿಕೆಯಾಗುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಡಾಕ್ಟರು ರಿಪೋರ್ಟು ನೋಡಿ, "ಕಿಡ್ನಿ ಉಳೀತು," ಎಂದು ಅಷ್ಟೇ ಹೇಳಿ ಹೋದರು. ಅಕ್ಕ ಯಜಮಾನರ ಹಾಸಿಗೆಯ ಅಂಚು ಹಿಡಿದುಕೊಂಡು ಕೂತಳು. ಗೋಡೆಯ ಗಡಿಯಾರ ಹತ್ತೂ ಇಪ್ಪತ್ತು ತೋರಿಸುತ್ತಿತ್ತು. ಯಜಮಾನರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಆ ಕಡೆಯ ಖಾಲಿ ಕುರ್ಚಿ ನೋಡಿದರು. ಮತ್ತೆ ಗಡಿಯಾರ ನೋಡಿದರು.

ಆಮೇಲೆ ತಲೆ ಎತ್ತಿದರು.

"ಅವನು ಹತ್ತು ಗಂಟೆಗೆ ಬರ್ತೀನಿ ಅಂದಿದ್ದ," ಎಂದರು. "ಇನ್ನೂ ಬಂದಿಲ್ಲ ನೋಡು."

"ಹೂಂ," ಎಂದಳು ಅಕ್ಕ. ಹಸಿರು ಪೆನ್ನಿಗಾಗಿ ಬ್ಯಾಗಿನಲ್ಲಿ ಕೈಯಾಡಿಸಿದಳು.